ಪಿಟೀಲು ಚೌಡಯ್ಯನವರ ನಾದದಾಸೋಹ

 

ಶ್ರೀಮಠದ ಈ ಮಹೋತ್ಸವದಲ್ಲಿ ಸಂಗೀತವಿದ್ಯೆಯನ್ನು ಕುರಿತು ಕೆಲವು ಮಾತುಗಳನ್ನಾಡಬೇಕೆಂದು ನನಗೆ ಅಪ್ಪಣೆಯಾಗಿರುವುದು. ಸಂಗೀತಶಾಸ್ತ್ರವು ಸಮುದ್ರದಂತೆ ವಿಸ್ತಾರವಾದುದು. ಅಲ್ಪಕಾಲದ ಉಪನ್ಯಾಸದಲ್ಲಿ ಅದರ ತಡಿಯನ್ನು ಮುಟ್ಟುವುದೂ ದುಸ್ತರವೇ ಸರಿ. ಆದಕಾರಣ ಶಾಸ್ತ್ರವಿಚಾರವನ್ನು ಬದಿಗಿಟ್ಟು, ಮೈಸೂರಿನ ಆಸ್ಥಾನವಿದ್ವಾಂಸರಾಗಿದ್ದ ತಿರುಮಕೂಡಲು ಚೌಡಯ್ಯನವರು ಪಿಟೀಲನ್ನು ನುಡಿಸಿದ ಬಗೆಯನ್ನೂ ಅದನ್ನು ಶಿಷ್ಯರಿಗೆ ಧಾರೆಯೆರೆದ ಬಗೆಯನ್ನೂ ತಮ್ಮ ಮುಂದೆ ಬಿನ್ನವಿಸಬೇಕೆಂದು ಬಯಸಿದ್ದೇನೆ. ಅದರಿಂದ ಈ ಪ್ರಾಂತದವರಾದ ನಾವು ಕಲಿಯಬೇಕಾದುದೊಂದಿದೆ. ಅದನ್ನು ಕೊನೆಯಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಗಳಿಂದ ಗಾಡಿಬಂಡಿಗಳಲ್ಲಿ ಬಂದು ನೆರೆದಿರುವ ತಮ್ಮಲ್ಲಿ ಕೆಲವರಿಗೆ, ಪಿಟೀಲಿಗೂ ಮಠಕ್ಕೂ ಎತ್ತಣ ಸಂಬಂಧ ಎಂಬ ಶಂಕೆ ಮೂಡಬಹುದು. ಶಂಕೆಯು ಸಹಜವಾದುದು. ಆದರೆ ನಮ್ಮ ಧರ್ಮದಲ್ಲಿ ನಾದಕ್ಕೆ ಇರುವ ಸ್ಥಾನವು ಹೊಸದಲ್ಲ. ಬಸವಣ್ಣನವರು ತಮ್ಮ ದೇಹವನ್ನೇ ವಾದ್ಯವಾಗಿಸಿಕೊಳ್ಳೆಂದು ಕೂಡಲಸಂಗಮನನ್ನು ಬೇಡಿಕೊಂಡ ವಚನವನ್ನು ತಾವೆಲ್ಲರೂ ಬಲ್ಲಿರಿ. ಕಿನ್ನರಿ ಬೊಮ್ಮಯ್ಯನು ಕಿನ್ನರಿಯನ್ನು ನುಡಿಸಿ ಶಿವನನ್ನು ಒಲಿಸಿದನೆಂಬುದು ಶರಣರ ಕಥೆಗಳಲ್ಲಿ ಪ್ರಸಿದ್ಧವಾಗಿದೆ. ತಂತಿಯನ್ನು ಮೀಟಿ ಶಿವನನ್ನು ಸೇವಿಸಿದವರ ಸಂತತಿ ನಾವು. ಇಂದಿನ ನನ್ನ ವಿಷಯವೂ ತಂತಿಯ ಸೇವೆಯೇ.

ಮೊದಲು ವಾದ್ಯದ ವಿಚಾರವನ್ನು ಹೇಳುತ್ತೇನೆ. ಪಿಟೀಲು ನಮ್ಮ ದೇಶದಲ್ಲಿ ಹುಟ್ಟಿದ ವಾದ್ಯವಲ್ಲ. ಅದು ಐರೋಪ್ಯರೊಡನೆ ಹಡಗಿನಲ್ಲಿ ಬಂದುದು. ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು ಮದರಾಸಿನ ಕಡೆಯಲ್ಲಿ ಇದನ್ನು ಐರೋಪ್ಯ ವಾದಕರಿಂದ ಕಲಿತು, ನಮ್ಮ ರಾಗಗಳಿಗೆ ಒಗ್ಗಿಸಿದರು. ತಂಜಾವೂರಿನ ವಡಿವೇಲು ಅವರಿಗೆ ತಿರುವಾಂಕೂರಿನ ಸ್ವಾತಿ ತಿರುನಾಳ್ ಮಹಾರಾಜರು 1834ರಲ್ಲಿ ದಂತದ ಪಿಟೀಲೊಂದನ್ನು ಬಹುಮಾನವಾಗಿ ಕೊಟ್ಟರು. ಪರದೇಶದ ವಾದ್ಯವು ಒಂದೆರಡು ತಲೆಮಾರುಗಳೊಳಗಾಗಿ ನಮ್ಮ ಮನೆಯ ಮಗುವಾಯಿತು. ಹಾಗಾಗುವುದಕ್ಕೆ ಕಾರಣವೂ ಉಂಟು. ವೀಣೆಗೆ ಮೆಟ್ಟಿಲುಗಳಿವೆ, ಪಿಟೀಲಿಗೆ ಇಲ್ಲ. ಬೆರಳು ತಂತಿಯ ಮೇಲೆ ಎಲ್ಲಿ ಬೇಕಾದರೂ ನಿಲ್ಲಬಲ್ಲುದು, ಎಷ್ಟು ದೂರ ಬೇಕಾದರೂ ಜಾರಬಲ್ಲುದು. ಕಮಾನು ತಂತಿಯ ಮೇಲೆ ಎಳೆಯುತ್ತಿರುವಷ್ಟು ಕಾಲವೂ ನಾದವು ಕಡಿಯದೆ ನಿಲ್ಲುತ್ತದೆ. ಮನುಷ್ಯನ ಕಂಠದಲ್ಲಿ ಹೊರಡುವ ಗಮಕಗಳನ್ನು ಹಾಗೆ ಹಾಗೆಯೇ ಅನುಕರಿಸುವ ಶಕ್ತಿ ಇದಕ್ಕಿರುವುದರಿಂದ, ಗಾಯಕನ ಪಕ್ಕದಲ್ಲಿ ಕೂರುವ ಅಧಿಕಾರವು ಇದಕ್ಕೆ ದೊರೆಯಿತು.

ನಮ್ಮವರು ಇದನ್ನು ಹಿಡಿಯುವ ರೀತಿಯನ್ನೂ ಬದಲಾಯಿಸಿದರು. ಐರೋಪ್ಯನು ನಿಂತು, ಗಲ್ಲದ ಕೆಳಗೆ ಅಮುಕಿ ನುಡಿಸುತ್ತಾನೆ. ನಮ್ಮ ವಿದ್ವಾಂಸನು ಚಕ್ಕಳಮಕ್ಕಳ ಹಾಕಿ ಕುಳಿತು, ವಾದ್ಯದ ಒಂದು ತುದಿಯನ್ನು ಎದೆಗೂ ಮತ್ತೊಂದು ತುದಿಯನ್ನು ಬಲಗಾಲಿನ ಹರಡಿಗೂ ಆನಿಸಿಕೊಳ್ಳುತ್ತಾನೆ. ಇದರಿಂದ ಎಡಗೈಗೆ ವಾದ್ಯದ ಭಾರವನ್ನು ಹೊರುವ ಕೆಲಸ ತಪ್ಪಿ, ತಂತಿಯ ಮೇಲೆ ಸರಾಗವಾಗಿ ಓಡಾಡುವುದಕ್ಕೆ ಅವಕಾಶವಾಗುತ್ತದೆ. ಆದರೆ ಮೆಟ್ಟಿಲಿಲ್ಲದ ಈ ಸ್ವಾತಂತ್ರ್ಯಕ್ಕೆ ಬೆಲೆಯೂ ಇದೆ. ಕೂದಲೆಳೆಯಷ್ಟು ಬೆರಳು ತಪ್ಪಿದರೂ ಸ್ವರವು ಅಪಸ್ವರವಾಗುತ್ತದೆ. ಎಲ್ಲಿ ಒತ್ತಬೇಕೆಂಬುದನ್ನು ಕಣ್ಣು ತೋರಿಸಲಾರದು, ಕಿವಿಯೊಂದೇ ತೋರಿಸಬೇಕು. ಆದಕಾರಣ ಪಿಟೀಲಿನ ವಿದ್ಯೆಯು ಮೊದಲು ಕೇಳುವ ವಿದ್ಯೆ, ಆಮೇಲೆ ನುಡಿಸುವ ವಿದ್ಯೆ.

ಇನ್ನು ಚೌಡಯ್ಯನವರ ಚರಿತ್ರೆಗೆ ಬರೋಣ. ಅವರು ಜನಿಸಿದುದು 1895ರಲ್ಲಿ, ಕಾವೇರಿ ಕಪಿಲೆಯರು ಕೂಡುವ ತಿರುಮಕೂಡಲಿನಲ್ಲಿ. ಹುಟ್ಟಿದುದು ಒಕ್ಕಲು ಮನೆತನದಲ್ಲಿ. ಸಂಗೀತವು ಕೆಲವು ಮನೆತನಗಳ ಸ್ವತ್ತೆಂದು ಜನರು ಭಾವಿಸುತ್ತಿದ್ದ ಕಾಲವದು. ವಿದ್ಯೆಗೆ ಕುಲವಿಲ್ಲವೆಂದು ಶರಣರು ಸಾರಿದ ನಾಡಿನಲ್ಲಿ, ಆ ಮಾತಿಗೆ ನಿದರ್ಶನವಾಗುವಂತೆ ಒಕ್ಕಲಿಗರ ಹುಡುಗನೊಬ್ಬನು ಪಿಟೀಲನ್ನು ಕೈಗೆತ್ತಿಕೊಂಡನು. 1910ರಲ್ಲಿ ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಶಿಷ್ಯವೃತ್ತಿಯನ್ನು ಕೈಕೊಂಡು, 1918ರವರೆಗೆ, ಎಂದರೆ ಎಂಟು ವರ್ಷಗಳ ಕಾಲ, ಗುರುಸನ್ನಿಧಿಯಲ್ಲಿ ಅಭ್ಯಾಸ ಮಾಡಿದನು.

ಕೃಷ್ಣಪ್ಪನವರು ಯಾರೆಂಬುದನ್ನು ಇಲ್ಲಿ ಸ್ವಲ್ಪ ಹೇಳಬೇಕು. 1866ರಿಂದ 1931ರವರೆಗೆ ಬಾಳಿದ ಅವರು ಮೈಸೂರಿನ ಆಸ್ಥಾನವಿದ್ವಾಂಸರು, ಗಂಭೀರ ಶಾರೀರದ ಗಾಯಕರು. ಹರಿದಾಸರ ಕನ್ನಡ ಪದಗಳನ್ನು ದೊಡ್ಡ ಕಛೇರಿಗಳಲ್ಲಿ ಗೌರವದಿಂದ ಹಾಡಿ ಪ್ರಚಾರಕ್ಕೆ ತಂದವರು. ಮೈಸೂರಿನಲ್ಲಿ ಪ್ರಸನ್ನ ಸೀತಾರಾಮಮಂದಿರವನ್ನು ಕಟ್ಟಿಸಿ ಸಂಗೀತಸೇವೆಗೆ ಆಶ್ರಯ ಮಾಡಿದವರು. ಇಲ್ಲಿ ತಾವು ಒಂದು ಅಂಶವನ್ನು ಗಮನಿಸಬೇಕು: ಗುರುವು ಗಾಯಕ, ಶಿಷ್ಯನು ವಾದಕ. ಬೆರಳುಗಳನ್ನು ಎಲ್ಲಿಡಬೇಕೆಂಬುದಕ್ಕಿಂತ ಹಾಡು ಹೇಗೆ ಉಸಿರಾಡುತ್ತದೆಂಬುದನ್ನು ಶಿಷ್ಯನು ಆ ಮನೆಯಲ್ಲಿ ಕಲಿತನು. ಸಾಹಿತ್ಯದ ಮಾತು ಎಲ್ಲಿ ನಿಲ್ಲುತ್ತದೆ, ಎಲ್ಲಿ ಮುಂದಿನ ಮಾತಿಗೆ ಕೈಹಿಡಿಯುತ್ತದೆ ಎಂಬ ಅರಿವಿಲ್ಲದೆ ಕಮಾನನ್ನು ಎಳೆದರೆ, ಅಕ್ಷರಗಳು ಮುರಿದು ಬೀಳುತ್ತವೆ. ಮುಂದೆ ಚೌಡಯ್ಯನವರ ನೀಳವಾದ ಕಮಾನು ದಕ್ಷಿಣದೇಶದಲ್ಲೆಲ್ಲ ಹೆಸರಾದುದಕ್ಕೆ ಈ ಗಾಯಕಗುರುವಿನ ಶಿಕ್ಷಣವು ಬುನಾದಿಯೆಂದು ಹೇಳಿದರೆ ತಪ್ಪಾಗಲಾರದು.

ಗುರುಕುಲವನ್ನು ಬಿಟ್ಟ ಮೇಲೆ ಅವರು ಕೈಕೊಂಡ ಕಾಯಕವು ಪಕ್ಕವಾದ್ಯದ ಕಾಯಕ. ಅರಿಯಕ್ಕುಡಿ ರಾಮಾನುಜ ಅಯ್ಯಂಗಾರ್, ಚೆಂಬೈ ವೈದ್ಯನಾಥ ಭಾಗವತರ್, ಮುಸಿರಿ ಸುಬ್ರಹ್ಮಣ್ಯ ಅಯ್ಯರ್ ಮೊದಲಾದ ಮಹಾಗಾಯಕರಿಗೆ ಅವರು ಪಿಟೀಲು ನುಡಿಸಿದರು. ಚೆಂಬೈಯವರ ಗಾಯನ, ಚೌಡಯ್ಯನವರ ಪಿಟೀಲು, ಪಾಲಘಾಟ್ ಮಣಿ ಅಯ್ಯರ್ ಅವರ ಮೃದಂಗ, ಈ ಮೂರೂ ಕೂಡಿದ ಕಛೇರಿಯೆಂದರೆ ಜನರು ಕಿಕ್ಕಿರಿದು ಸೇರುತ್ತಿದ್ದರು.

ಪಕ್ಕವಾದ್ಯವೆಂದರೆ ಎರಡನೆಯ ದರ್ಜೆಯ ಕೆಲಸವೆಂದು ತಿಳಿದವರಿದ್ದಾರೆ. ಅದರ ಕಷ್ಟವನ್ನು ವಿಚಾರಿಸಿದರೆ ಆ ಭಾವನೆ ಉಳಿಯಲಾರದು. ಗಾಯಕನು ಯಾವ ರಾಗವನ್ನು ಎತ್ತಿಕೊಳ್ಳುವನೋ ವಾದಕನಿಗೆ ಮೊದಲೇ ತಿಳಿದಿರುವುದಿಲ್ಲ. ಗಾಯಕನು ಆಲಾಪನೆ ಮಾಡುವಾಗ ನೆರಳಿನಂತೆ ಹಿಂಬಾಲಿಸಬೇಕು, ಆತನು ನಿಲ್ಲಿಸಿದಾಗ ಅದೇ ರಾಗವನ್ನು ತನ್ನ ಮನೋಧರ್ಮದಿಂದ ತಾನೂ ವಿಸ್ತರಿಸಬೇಕು, ಆದರೆ ಆತನು ಕಟ್ಟಿದ ಮನೆಯನ್ನು ಕೆಡವಬಾರದು. ಕಲ್ಪನಾಸ್ವರಗಳಲ್ಲಿ ಗಾಯಕನು ಎಸೆದುದನ್ನು ಹಿಡಿದು ಅದೇ ಕ್ಷಣದಲ್ಲಿ ಉತ್ತರ ಕೊಡಬೇಕು. ಕೊಡುವ ಉತ್ತರದಲ್ಲಿ ಜಾಣತನವಿರಬೇಕು, ಜಂಬವಿರಬಾರದು. ಗಾಯಕನ ಶಾರೀರ ಆ ದಿವಸ ದಣಿದಿದ್ದರೆ ಅದನ್ನು ಸಭೆಗೆ ತೋರಗೊಡದೆ ಆಧಾರವಾಗಿ ನಿಲ್ಲಬೇಕು. ಇಷ್ಟೆಲ್ಲ ಮಾಡಿದ ಮೇಲೆ ಕಛೇರಿಯು ಯಾರ ಹೆಸರಿನಲ್ಲಿ ನಡೆಯುತ್ತದೆ? ಗಾಯಕನ ಹೆಸರಿನಲ್ಲಿ. ಬಂಧುಗಳೆ, ತನ್ನಲ್ಲಿರುವುದನ್ನು ಮುಚ್ಚಿಡದೆ ನೀಡಿ, ನೀಡಿದೆನೆಂಬ ಭಾವವನ್ನು ಬಿಡುವುದಕ್ಕೆ ನಮ್ಮ ಧರ್ಮದಲ್ಲಿ ಒಂದು ಹೆಸರಿದೆ. ಅದು ದಾಸೋಹ. ಅನ್ನದಾಸೋಹ, ಜ್ಞಾನದಾಸೋಹಗಳಂತೆ ಇದು ನಾದದಾಸೋಹ.

ಈ ದಾಸೋಹಭಾವವೇ ಚೌಡಯ್ಯನವರನ್ನು ಒಂದು ಹೊಸ ಪ್ರಯೋಗಕ್ಕೆ ತೊಡಗಿಸಿತೆಂದು ನನಗೆ ತೋರುತ್ತದೆ. 1927ರ ಸುಮಾರಿನ ಮಾತು. ಆಗ ಸಭೆಗಳಲ್ಲಿ ಧ್ವನಿವರ್ಧಕಗಳಿರಲಿಲ್ಲ. ಸಾವಿರಾರು ಜನ ನೆರೆದ ಚಪ್ಪರದಲ್ಲಿ ಗಾಯಕನ ಕಂಠವು ಹೇಗೋ ಹಿಂದಿನವರಿಗೆ ಮುಟ್ಟುತ್ತಿತ್ತು, ನಾಲ್ಕು ತಂತಿಯ ಪಿಟೀಲಿನ ದನಿ ಅರ್ಧದಾರಿಯಲ್ಲೇ ಸೋರಿಹೋಗುತ್ತಿತ್ತು. ಮುಂದಿನ ಸಾಲಿನ ಶ್ರೀಮಂತರು ಕೇಳಿದರೆ ಸಾಕೆಂದು ಅವರು ಸುಮ್ಮನಿರಲಿಲ್ಲ. ನಾಲ್ಕು ತಂತಿಗಳಿಗೆ ಮೂರನ್ನು ಸೇರಿಸಿ, ಏಳು ತಂತಿಯ ಪಿಟೀಲನ್ನು ಸಿದ್ಧಪಡಿಸಿ ಕಛೇರಿಗಳಲ್ಲಿ ನುಡಿಸತೊಡಗಿದರು. ನಾದವು ತುಂಬಿ ಹರಿಯಿತು. ಆದರೆ ಈ ವಾದ್ಯವನ್ನು ಆಳುವುದು ಸುಲಭವಲ್ಲ. ತಂತಿಗಳು ಹೆಚ್ಚಿದಷ್ಟೂ ಕುದುರೆಯ ಮೇಲೆ ಬಿಗುವು ಹೆಚ್ಚುತ್ತದೆ, ಬಿರಡೆಗಳನ್ನು ತಿರುಗಿಸಿ ಶ್ರುತಿಗೂಡಿಸುವ ಶ್ರಮವೂ ಹೆಚ್ಚುತ್ತದೆ, ಇಕ್ಕಟ್ಟಾದ ಜಾಗದಲ್ಲಿ ಬೆರಳೂ ಕಮಾನೂ ತಪ್ಪದೆ ನಡೆಯಬೇಕಾಗುತ್ತದೆ. ಕಟ್ಟಕಡೆಯ ಸಾಲಿನಲ್ಲಿ ಕಂಬಳಿ ಹಾಸಿಕೊಂಡು ಕುಳಿತವನಿಗೂ ಸಂಗೀತವು ಮುಟ್ಟಲಿ ಎಂದು ಅವರು ಈ ಶ್ರಮವನ್ನು ತಮ್ಮ ಮೇಲೆ ತಾವೇ ಹೊರಿಸಿಕೊಂಡರು.

ಮನ್ನಣೆಗಳೂ ಅವರನ್ನು ಹುಡುಕಿಕೊಂಡು ಬಂದುವು. ಸ್ವತಃ ಪಿಟೀಲನ್ನು ನುಡಿಸಬಲ್ಲ ಸಂಗೀತಜ್ಞರಾಗಿದ್ದ ನಾಲ್ವಡಿ ಕೃಷ್ಣರಾಜ ಒಡೆಯರವರ ಕಾಲದಲ್ಲಿ, 1939ರಲ್ಲಿ, ಅವರು ಮೈಸೂರಿನ ಆಸ್ಥಾನವಿದ್ವಾಂಸರಾದರು. 1957ರಲ್ಲಿ ಮದರಾಸಿನ ಸಂಗೀತ ಅಕಾಡೆಮಿಯು ಸಂಗೀತ ಕಲಾನಿಧಿ ಎಂಬ ಬಿರುದನ್ನಿತ್ತಿತು. ಕನ್ನಡ, ತೆಲುಗು, ಸಂಸ್ಕೃತಗಳಲ್ಲಿ ಅವರು ಕೃತಿಗಳನ್ನು ರಚಿಸಿದರು. ಅವುಗಳಲ್ಲಿ ಇಟ್ಟ ಅಂಕಿತವು 'ತ್ರಿಮಕುಟ'. ಅದು ಅವರ ಹೆಸರಲ್ಲ, ಹುಟ್ಟಿದ ಕ್ಷೇತ್ರದ ಹೆಸರು. ವಚನಕಾರರು ತಮ್ಮ ಹೆಸರನ್ನು ಮರೆಸಿ ಇಷ್ಟದೈವದ ಹೆಸರನ್ನು ಮೆರೆಸಿದ ಪದ್ಧತಿಯನ್ನು ಬಲ್ಲ ನಮಗೆ ಈ ಅಂಕಿತದ ಅರ್ಥವನ್ನು ವಿವರಿಸಬೇಕಾಗಿಲ್ಲ. 1967ರ ಜನವರಿ 19ರಂದು ಅವರು ಮೈಸೂರಿನಲ್ಲಿ ದೇಹವನ್ನು ಬಿಟ್ಟರು. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲೇ ಕಟ್ಟಿದ ಚೌಡಯ್ಯ ಸ್ಮಾರಕ ಭವನವು 1980ರಲ್ಲಿ ತಲೆಯೆತ್ತಿತು. ಒಬ್ಬ ವಾದಕನ ನೆನಪಿಗೆ ಅವನ ವಾದ್ಯದ ರೂಪದ ಕಟ್ಟಡವನ್ನೇ ಕಟ್ಟುವುದು ಅಪೂರ್ವವಾದ ಗೌರವವೇ ಸರಿ.

ಇಲ್ಲಿಗೇ ನಿಲ್ಲಿಸಿದರೆ ಅವರ ಚರಿತ್ರೆಯ ಅರ್ಧವನ್ನು ಮಾತ್ರ ಹೇಳಿದಂತಾದೀತು. ಉಳಿದರ್ಧವು ಅವರು ಕಲಿಸಿದ ವಿದ್ಯೆ. ಕಛೇರಿಗಳಿಂದ ಕಛೇರಿಗಳಿಗೆ ರೈಲಿನಲ್ಲಿ ಸಂಚರಿಸುತ್ತಿದ್ದ ದಿನಗಳಲ್ಲಿಯೂ ಅವರು ಶಿಷ್ಯರನ್ನು ಕೈಬಿಡಲಿಲ್ಲ. ಮೈಸೂರಿನಲ್ಲಿ ಅಯ್ಯನಾರ್ ಸಂಗೀತ ಕಾಲೇಜನ್ನು ನಡೆಸಿದರು. ನಮ್ಮ ವಿ. ಸೇತುರಾಮಯ್ಯನವರು ಅವರಲ್ಲಿ ಕಲಿತು ಹೆಸರಾಂತರು. ತಮಿಳುನಾಡಿನಿಂದ ಬಂದ ಕಂಡದೇವಿ ಅಳಗಿರಿಸ್ವಾಮಿಯವರೂ ಅವರ ಶಿಷ್ಯರೇ. ಭಾಷೆ ಬೇರೆಯಾದರೂ ಕಮಾನಿನ ಭಾಷೆಯೊಂದೇ ಆಯಿತು.

ಪಿಟೀಲನ್ನು ಕಲಿಸುವುದು ಎಷ್ಟು ತಾಳ್ಮೆಯ ಕೆಲಸವೆಂಬುದನ್ನು ಕಂಡವರೇ ಬಲ್ಲರು. ಹೊಸ ಶಿಷ್ಯನು ಕಮಾನಿಗೆ ರಾಳವನ್ನು ತಿಕ್ಕಿ ಬಿಡಿತಂತಿಯ ಮೇಲೆ ಎಳೆದರೆ, ಮೊದಲ ತಿಂಗಳುಗಳಲ್ಲಿ ಹೊರಡುವುದು ನಾದವಲ್ಲ, ಬಾಗಿಲ ಕೀಲಿನ ಕಿರಿಚಾಟ. ಗುರುವು ಅದನ್ನು ದಿನವೂ ಕೇಳಬೇಕು. ಕೇಳಿ, ಬೇಸರಪಡದೆ, ಇಂದಿನ ಕಿರಿಚಾಟವು ನಿನ್ನೆಯದಕ್ಕಿಂತ ಕೂದಲೆಳೆಯಷ್ಟು ಕಡಮೆಯಾಗಿದೆಯೆಂಬುದನ್ನು ಗುರುತಿಸಬೇಕು. ಸರಳೆ, ಜಂಟಿವರಸೆ, ಅಲಂಕಾರ, ಗೀತೆ, ವರ್ಣ, ಹೀಗೆ ಒಂದೊಂದೇ ಮೆಟ್ಟಿಲನ್ನು ಹತ್ತಿಸಬೇಕು. ತಾನು ನುಡಿಸಿ ತೋರಿಸಿದ ಒಂದು ಜಾರುವಿಕೆಯನ್ನು ಶಿಷ್ಯನ ಕಿವಿ ಹಿಡಿಯುವವರೆಗೆ ಹತ್ತು ಬಾರಿ, ನೂರು ಬಾರಿ ನುಡಿಸಬೇಕು. ಸ್ವರಲಿಪಿಯನ್ನು ಪುಸ್ತಕದಲ್ಲಿ ಅಚ್ಚು ಹಾಕಬಹುದು, ಗಮಕವನ್ನು ಅಚ್ಚು ಹಾಕಲಾಗದು. ಅದು ಎದುರಿಗೆ ಕುಳಿತವನ ಕೈಯಿಂದ ಎದುರಿಗೆ ಕುಳಿತವನ ಕಿವಿಗೆ ದಾಟಬೇಕಾದ ವಸ್ತು.

ಈಗ ನಾನು ಹೇಳಬೇಕೆಂದಿರುವ ಮುಖ್ಯ ಮಾತಿಗೆ ಬಂದಿದ್ದೇನೆ. ಚೌಡಯ್ಯನವರ ಕೀರ್ತಿಗೆ ಕಾರಣವಾದ ಆ ಏಳು ತಂತಿಯ ಪಿಟೀಲು ಇಂದು ಕಛೇರಿಗಳಲ್ಲಿ ಕಾಣುವುದು ಅಪರೂಪ. ಧ್ವನಿವರ್ಧಕವು ಬಂದಿತು, ನಾಲ್ಕು ತಂತಿಯ ದನಿಯೇ ಮೈದಾನದ ಕೊನೆಯನ್ನು ಮುಟ್ಟಿತು, ಹೆಚ್ಚಿನ ಮೂರು ತಂತಿಗಳ ಅಗತ್ಯವು ತಪ್ಪಿತು. ಅಗತ್ಯದಿಂದ ಹುಟ್ಟಿದುದು ಅಗತ್ಯದೊಡನೆ ಹಿಂದೆ ಸರಿಯಿತು. ಅಷ್ಟು ಶ್ರಮಪಟ್ಟು ರಚಿಸಿದ ವಾದ್ಯವೇ ಹಿಂದೆ ಸರಿದ ಮೇಲೆ ಅವರ ಕಾಯಕದಲ್ಲಿ ಉಳಿದುದೇನು? ಶಿಷ್ಯರ ಕೈಯಲ್ಲಿ, ಆ ಶಿಷ್ಯರ ಶಿಷ್ಯರ ಕೈಯಲ್ಲಿ ನಡೆದುಬಂದ ಕಮಾನಿನ ಓಟವು ಉಳಿಯಿತು. ಪಕ್ಕದಲ್ಲಿ ಕುಳಿತು ಇನ್ನೊಬ್ಬರನ್ನು ಕೇಳುವ ಶೀಲವು ಉಳಿಯಿತು. ನಮ್ಮ ಧರ್ಮದ ಮಾತಿನಲ್ಲಿಯೇ ಹೇಳುವುದಾದರೆ, ವಾದ್ಯವು ಸ್ಥಾವರ, ವಿದ್ಯೆಯು ಜಂಗಮ. ಭವನವೂ ಬಿರುದೂ ಸ್ಥಾವರಗಳೇ, ಗುರುವಿನಿಂದ ಶಿಷ್ಯನಿಗೆ ನಡೆದುಹೋಗುವುದೊಂದೇ ಜಂಗಮ. ಜಂಗಮವನ್ನು ಪೂಜಿಸುವವರೆಂದು ಹೇಳಿಕೊಳ್ಳುವ ನಾವು ವಿದ್ಯೆಯ ವಿಷಯದಲ್ಲಿ ಸ್ಥಾವರಕ್ಕೆ ಮಾತ್ರ ಕೈಮುಗಿದು ಸುಮ್ಮನಾಗಬಹುದೇ?

ಚೌಡಯ್ಯನವರ ಕಾಲದಲ್ಲಿ ವಿದ್ವಾಂಸರ ಬೆನ್ನ ಹಿಂದೆ ಅರಮನೆಯಿತ್ತು. ಸಂಸ್ಥಾನವು ಭಾರತದಲ್ಲಿ ವಿಲೀನವಾಯಿತು, 1971ರಲ್ಲಿ ರಾಜಧನವೂ ರದ್ದಾಯಿತು. ಪ್ರಜೆಗಳ ರಾಜ್ಯದಲ್ಲಿ ಅದು ಆಗಬೇಕಾದುದೇ. ಆದರೆ ಅರಮನೆಯು ಹೊತ್ತಿದ್ದ ವಿದ್ಯಾಪೋಷಣೆಯ ಹೊರೆಯನ್ನು ಯಾರಾದರೂ ಹೊರಲೇಬೇಕಲ್ಲವೆ? ಮಠವು ಹೊರಬಲ್ಲುದೆಂಬುದಕ್ಕೆ ನಮ್ಮಲ್ಲಿಯೇ ಉಜ್ವಲವಾದ ಉದಾಹರಣೆಯಿದೆ. ಹಾನಗಲ್ಲ ಶ್ರೀ ಕುಮಾರಸ್ವಾಮಿಗಳವರು 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಮಹನೀಯರು. ಕಣ್ಣಿಲ್ಲದ ಬಡಬಾಲಕನೊಬ್ಬನ ಕಂಠದಲ್ಲಿ ಶಿವನನ್ನು ಕಂಡು, ಅವನಿಗೆ ಸಂಗೀತಶಿಕ್ಷಣವನ್ನು ಕೊಡಿಸಿದರು. ಆ ಬಾಲಕನೇ ಗಾನಯೋಗಿ ಪಂಚಾಕ್ಷರ ಗವಾಯಿಗಳಾದನು. ಅವರು ಕರ್ನಾಟಕ, ಹಿಂದುಸ್ತಾನಿ ಎರಡು ಪದ್ಧತಿಗಳನ್ನೂ ಕರಗತ ಮಾಡಿಕೊಂಡು, ಅಂಧರಿಗೂ ಅನಾಥರಿಗೂ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅನ್ನವನ್ನೂ ನಾದವನ್ನೂ ಒಂದೇ ಪಂಕ್ತಿಯಲ್ಲಿ ಬಡಿಸಿದರು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ, ಅವರ ಶಿಷ್ಯರೂ ಅಂಧರೂ ಆದ ಪುಟ್ಟರಾಜ ಗವಾಯಿಗಳು 2010ರಲ್ಲಿ ಲಿಂಗೈಕ್ಯರಾಗುವವರೆಗೆ ಆ ದಾಸೋಹವನ್ನು ನಡೆಸಿದರು. ಪುಟ್ಟರಾಜರು ಗಾಯನದೊಡನೆ ಪಿಟೀಲನ್ನೂ ಇನ್ನೂ ಹಲವು ವಾದ್ಯಗಳನ್ನೂ ಬಲ್ಲವರಾಗಿದ್ದರು. ಮಠವು ಮೊದಲು ಅನ್ನವನ್ನೂ ಅಕ್ಷರವನ್ನೂ ಕೊಡಲಿ, ಸಂಗೀತವು ಆಮೇಲೆ ಎಂದು ಆಕ್ಷೇಪಿಸುವವರಿಗೆ ಗದುಗಿನ ಆಶ್ರಮವೇ ಉತ್ತರ. ಅಲ್ಲಿ ಸಂಗೀತವೇ ಎಷ್ಟೋ ಮಕ್ಕಳಿಗೆ ಅನ್ನವಾಯಿತು.

ಇನ್ನು ನಮ್ಮ ಸೀಮೆಯ ಕಡೆಗೆ ನೋಡೋಣ. ತುಂಗಭದ್ರೆಯ ಆಚೆ ಹಿಂದುಸ್ತಾನಿ, ಈಚೆ ಕರ್ನಾಟಕ ಎಂದು ಹೇಳುವ ವಾಡಿಕೆಯುಂಟು. ಹೊನ್ನಾಳಿಯಾದರೋ ಆ ಹೊಳೆಯ ದಡದಲ್ಲಿಯೇ ಇದೆ. ಹೊನ್ನಾಳಿಯಿಂದ ಬೇರೆಯಾಗಿ ಈಚೆಗೆ ತಾಲ್ಲೂಕಾದ ನ್ಯಾಮತಿ, ಸೂಳೆಕೆರೆಯ ನೀರುಂಡು ಅಡಕೆ ಬೆಳೆಯುವ ಚನ್ನಗಿರಿ, ಮಳೆಯನ್ನೇ ನೆಚ್ಚಿದ ಬಯಲುಸೀಮೆಯ ಜಗಳೂರು, ಇವೆಲ್ಲವೂ ಎರಡು ನಾದಗಳು ಸಂಧಿಸುವ ಗಡಿಯಲ್ಲಿವೆ. ಎರಡು ಪದ್ಧತಿಗಳಿಗೂ ಒಗ್ಗುವ ವಾದ್ಯವೊಂದು ನಮಗೆ ಬೇಕೆಂದರೆ ಅದು ಪಿಟೀಲೇ. ನಮ್ಮ ಊರುಗಳಲ್ಲಿ ಶ್ರಾವಣದ ಭಜನೆ, ಕಾರ್ತಿಕದ ದೀಪೋತ್ಸವ, ವಚನಗಾಯನಗಳು ನಡೆಯದ ವರ್ಷವಿಲ್ಲ. ಆದರೆ ಧ್ವನಿವರ್ಧಕದಲ್ಲಿ ಬೇರೆಯವರ ಹಾಡನ್ನು ಹಚ್ಚಿಟ್ಟು, ಭಕ್ತರು ಕೈಕಟ್ಟಿ ಕುಳಿತಿರುವ ನೋಟವು ಹಲವು ಕಡೆಗಳಲ್ಲಿ ಸಾಮಾನ್ಯವಾಗುತ್ತಿದೆ. ಕೊನೆಯ ಸಾಲಿನವನಿಗೂ ಕೇಳಲೆಂದು ಚೌಡಯ್ಯನವರು ತಂತಿಗಳನ್ನು ಹೆಚ್ಚಿಸಿದರು. ಇಂದು ಕೊನೆಯ ಸಾಲಿನವನಿಗೆ ಚೆನ್ನಾಗಿ ಕೇಳುತ್ತದೆ, ಮೊದಲ ಸಾಲಿನಲ್ಲಿ ನುಡಿಸುವವನೇ ಇಲ್ಲ.

ನುಡಿಸುವವನು ಬೇಕಾದರೆ ಕಲಿಸುವವನು ಬೇಕು. ತಾಲ್ಲೂಕಿನ ಊರಿನಲ್ಲಿ ಪಿಟೀಲನ್ನು ಕಲಿಸಿಯೇ ಸಂಸಾರವನ್ನು ಸಾಗಿಸುವುದು ಕಷ್ಟ. ಆದುದರಿಂದ ಕಲಿತವರು ಬೆಂಗಳೂರು ಮೈಸೂರುಗಳನ್ನು ಸೇರುತ್ತಾರೆ. ಅವರನ್ನು ನಿಂದಿಸಿ ಫಲವಿಲ್ಲ. ಶ್ರೀಮಠದ ಸದ್ಭಕ್ತರಲ್ಲಿ ನನ್ನ ಅರಿಕೆ ಇಷ್ಟೇ. ಈ ಮಹೋತ್ಸವದ ನೆನಪಿಗಾಗಿ ಮತ್ತೊಂದು ಕಮಾನುದ್ವಾರವನ್ನೋ ಶಿಲಾಫಲಕವನ್ನೋ ನಿಲ್ಲಿಸುವ ಬದಲು, ಒಬ್ಬ ಸಂಗೀತಗುರುವಿಗೆ ವಾಸಕ್ಕೆ ಒಂದು ಮನೆಯನ್ನೂ ಊಟಕ್ಕೆ ಕೊರತೆಯಾಗದ ಸಂಭಾವನೆಯನ್ನೂ ನಿಯಮಿಸಿರಿ. ಮಕ್ಕಳ ಕೈಗೆ ತಕ್ಕ ಅರ್ಧ, ಮುಕ್ಕಾಲು ಅಳತೆಯ ಪಿಟೀಲುಗಳು ದೊರೆಯುತ್ತವೆ. ಅಂಥ ಕೆಲವನ್ನು ಮಠದಲ್ಲಿಟ್ಟು, ಕೊಳ್ಳಲಾರದ ಮನೆಯ ಮಕ್ಕಳಿಗೆ ಅಭ್ಯಾಸಕ್ಕೆ ಕೊಡಿಸಿರಿ. ಗಂಡುಮಕ್ಕಳು ಹೆಣ್ಣುಮಕ್ಕಳು ಎಂಬ ಭೇದವಾಗಲಿ, ಇಂಥ ಕುಲದವರೆಂಬ ಭೇದವಾಗಲಿ ಅಲ್ಲಿರಬಾರದು. ಎರಡು ವರ್ಷಗಳಲ್ಲಿ ಸಭೆಯನ್ನು ಮೆಚ್ಚಿಸುವ ವಿದ್ವಾಂಸನನ್ನು ನಿರೀಕ್ಷಿಸಬೇಡಿರಿ. ಚೌಡಯ್ಯನವರಂಥ ಪ್ರತಿಭಾವಂತರಿಗೇ ಗುರುವಿನ ಮನೆಯಲ್ಲಿ ಎಂಟು ವರ್ಷಗಳು ಬೇಕಾದುವೆಂಬುದನ್ನು ನೆನೆಯಿರಿ. ಮೊದಲ ವರ್ಷದ ಕಿರಿಚಾಟವನ್ನು ಸಹಿಸುವುದೂ ಭಕ್ತರ ಪಾಲಿನ ಒಂದು ಸೇವೆಯೆಂದು ಬಗೆಯಿರಿ.

ಹಾಗೆ ಕಲಿತ ಮಕ್ಕಳಲ್ಲಿ ಎಲ್ಲರೂ ಆಸ್ಥಾನವಿದ್ವಾಂಸರಾಗಲಾರರು, ಆಗಬೇಕಾದುದೂ ಇಲ್ಲ. ಅವರಲ್ಲಿ ಒಬ್ಬನು ಊರಿನ ಭಜನೆಯಲ್ಲಿ ಹಾಡುವ ಮುದುಕನ ನಡುಗುವ ದನಿಗೆ ತನ್ನ ಕಮಾನಿನಿಂದ ಆಧಾರ ಕೊಟ್ಟರೆ ಸಾಕು, ಅವನು ಕಲಿತುದು ಸಾರ್ಥಕ. ಇನ್ನೊಬ್ಬಳು ತಾನು ಕಲಿತುದನ್ನು ನೆರೆಮನೆಯ ಮಗುವಿಗೆ ಹೇಳಿಕೊಟ್ಟರೆ ವಿದ್ಯೆಯು ಮುಂದಿನ ಮನೆಗೆ ನಡೆಯಿತು. ಅಷ್ಟಾದರೆ ಮಠದ ಮಹೋತ್ಸವವು ಮುಗಿದ ಮೇಲೂ ಅದರ ಪುಣ್ಯವು ಈ ಸೀಮೆಯಲ್ಲಿ ಸಂಚರಿಸುತ್ತಿರುವುದು.

 ಪರಮಪೂಜ್ಯ ಶ್ರೀಗಳವರ ಕೃಪೆಯಿಂದ ಈ ಸಂಕಲ್ಪವು ಕೈಗೂಡಲೆಂದು ಪ್ರಾರ್ಥಿಸಿ ವಿರಮಿಸುತ್ತೇನೆ. ಶರಣು ಶರಣಾರ್ಥಿ.